ಅಪ್ಪಗ ಎಚ್ ಪೈಲೋರಿ (ಹೊಟ್ಟ್ಯಾಗ ಹುಣ್ಣು ಮಾಡೋ ಬ್ಯಾಕ್ಟೀರಿಯಾ ಹುಳ) ಅಂದ್ರು, ಗುಳಿಗಿ ಅರ್ಧಕ್ಕ ಬಿಟ್ಟಾನ, ಈಗ ಟೆಸ್ಟ್ ನೆಗೆಟಿವ್ ಬಂದದ. ನಂಬಬೇಕೋ ಬ್ಯಾಡೋ?

ಕಾಲುವಿ ಕೆಳಗಿನವ, ಸಿಂಧನೂರು:

ನಮಸ್ಕಾರ್ರೀ ಎಲ್ಲಾರ್ಗೂ. ಸ್ವಲ್ಪ ಉದ್ದ ಬರದೀನಿ, ಬ್ಯಾಸರ ಮಾಡ್ಕೊಳ್ದ ಓದ್ರಿ.

ನಮ್ಮಪ್ಪಗ ಈಗ 56. ಎಡದಂಡಿ ಕಾಲುವಿ ನೀರಿನ ಮ್ಯಾಲ ಐದೆಕರೆ ಭತ್ತ ಅದ. ಹತ್ತು ವರ್ಷದ ಮ್ಯಾಲಾತು ಹೊಟ್ಟಿ ತ್ರಾಸು. ನಡುರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಹೊಕ್ಕಳ ಮ್ಯಾಲ ಕೈ ಒತ್ತಿ ಹಿಡಕೊಂಡು ಕುಂತಿರ್ತಾನ, ನಮ್ಮವ್ವ ಎದ್ದು ತಂಗಳ ರೊಟ್ಟಿಗೆ ಮೊಸರು ಹಾಕಿ ಕೊಟ್ರ ನಾಕು ತುತ್ತು ತಿಂದು ಆರಾಮಾಗಿ ಮಕ್ಕೊಂತಾನ. ತಿಂದ್ರ ಕಡಿಮಿ ಆಗ್ತದಲ್ಲ, ಹಸಿವಿ ಇರ್ಬೇಕು ಬಿಡು ಅಂತ ನಾವೂ ಸುಮ್ನ ಇದ್ವಿ. ಮೊದ್ಲು ಈನೋ, ಆಮ್ಯಾಲ ಡೈಜಿನ್, ಆಮ್ಯಾಲ ಮೆಡಿಕಲ್‌ನವ ಕೊಟ್ಟ ಪ್ಯಾಂಟೊಪ್ರಜೋಲ್. ಐದಾರು ವರ್ಷದಿಂದ ಆ ಗುಳಿಗಿ ಪಟ್ಟಿ ನಮ್ಮ ಅಡಗಿ ಮನ್ಯಾಗ ಉಪ್ಪಿನ ಡಬ್ಬಿ ಬಾಜು ಖಾಯಂ ಇರ್ತದ. ಇದರ ಜೊತಿಗೆ ಮೊಣಕಾಲು ನೋವು, ನಾಟಿ ಟೈಮು ಬಂದ್ರ ಊರಾಗಿನ ಆರ್‌ಎಂಪಿ (ಎಂಬಿಬಿಎಸ್ ಓದದ ಊರ ಡಾಕ್ಟ್ರು) ಕಡಿಯಿಂದ ಡೈಕ್ಲೋ ಸೂಜಿ, ಡೈಕ್ಲೋ ಗುಳಿಗಿ, ಲೆಕ್ಕನ ಇಲ್ಲ.

ಎರಡು ತಿಂಗಳ ಹಿಂದ ಗದ್ದ್ಯಾಗ ತಲಿ ತಿರುಗಿ ಬಿದ್ದ. ರಾಯಚೂರಿಗೆ ಕರ್ಕೊಂಡು ಹೋದ್ವಿ, ಹಿಮೋಗ್ಲೋಬಿನ್ 8. ಡಾಕ್ಟ್ರು ಕೇಳಿದ್ ಮ್ಯಾಲ ಬಾಯಿ ಬಿಟ್ಟ, ನಾಕೈದು ದಿನದಿಂದ ಸಂಡಾಸ ಡಾಂಬರ್ ಹಂಗ ಕಪ್ಪಗ ಅಂಟಂಟು ಆಗ್ಲಿಕತ್ತಿತ್ತಂತ, ನಾಚ್ಕಿ ಅಂತ ಅವ್ವನ ಮುಂದೂ ಹೇಳಿಲ್ಲ. ಬಾಯಿಂದ ಪೈಪ್ ಬಿಟ್ಟು ಎಂಡೋಸ್ಕೋಪಿ ಮಾಡಿದ್ರು, ಜಠರ ದಾಟಿ ಸಣ್ಣಕರುಳು ಶುರು ಆಗೋ ಕಡಿ ಹುಣ್ಣು ಅದ ಅಂದ್ರು. ಅಲ್ಲೇ ಒಂದು ಚೂರು ಮಾಂಸ ತಗದು ಟೆಸ್ಟ್ ಮಾಡಿ ಎಚ್ ಪೈಲೋರಿ ಪಾಸಿಟಿವ್ ಅಂದು 14 ದಿನದ ಆಂಟಿಬಯೋಟಿಕ್ ಗುಳಿಗಿ ಕಿಟ್ ಕೊಟ್ರು, ಜೊತಿಗೆ ರಕ್ತ ಹೆಚ್ಚಾಗಾಕ ಐರನ್ ಗುಳಿಗಿ.

ಅಪ್ಪ ಆರನೇ ದಿನಕ್ಕ ಕಿಟ್ ಬಿಟ್ಟ. ಬಾಯಿ ತುಂಬ ತಾಮ್ರದ ದುಡ್ಡು ಇಟ್ಕೊಂಡಂಗ ಆಗ್ತದಂತ, ಎರಡು ಸಲ ಬೇಧಿ ಬೇರೆ. ನೋವು ಹೋಗ್ಯಾದ, ಇನ್ಯಾಕ ನುಂಗಬೇಕು ಅಂತಾನ. ಪ್ಯಾಂಟೊಪ್ರಜೋಲ್ ಮಾತ್ರ ಬಿಟ್ಟಿಲ್ಲ, ಅದು ಅವನ ಹಳೇ ದೋಸ್ತ. ನನಗ ಗೊತ್ತಾಗಿದ್ದು ಆಮ್ಯಾಲ. ಗಾಬರಿಯಾಗಿ ಹನ್ನೆರಡು ದಿನ ಬಿಟ್ಟು ಇಲ್ಲೇ ಲ್ಯಾಬಿನ್ಯಾಗ ಸಂಡಾಸದ ಎಚ್ ಪೈಲೋರಿ ಟೆಸ್ಟ್ ಮಾಡ್ಸಿದೆ, ನೆಗೆಟಿವ್ ಬಂತು. ಅಪ್ಪ ಆ ರಿಪೋರ್ಟ್ ಜೇಬಿನ್ಯಾಗ ಇಟ್ಕೊಂಡು ಊರೆಲ್ಲಾ ತೋರಿಸ್ಯಾನ, ಸಂತಿಗೆ ಹೋಗಿ ಒಗ್ಗರಣಿ ಮಿರ್ಚಿನೂ ತಿಂದು ಬಂದಾನ.

ಈಗ ನಂದು ಪ್ರಶ್ನಿ, ಆರು ದಿನಕ್ಕ ಹುಳ ಸತ್ತು ಹೋಗಿರ್ತದಾ? ಉಳದ ಎಂಟು ದಿನದ ಗುಳಿಗಿ ಮನ್ಯಾಗ ಹಂಗ ಅವ, ಈಗ ತಗೊಂಡ್ರ ನಡಿತದಾ? ಇನ್ನೊಂದು, ನನ್ನ ಮಗಳಿಗೆ ಮೂರು ವರ್ಷ, ತಾತನ ತಾಟಿನ್ಯಾಗ ಕೈ ಹಾಕದ ಉಣ್ಣಂಗಿಲ್ಲ ಆಕಿ. ಆಕೀಗೂ ಟೆಸ್ಟ್ ಮಾಡಿಸ್ಬೇಕಾ? ಮನ್ಯಾಗ ನನ್ನ ಹೆಂಡ್ತಿ ಈಗ ತಾಟು ಲೋಟ ಬ್ಯಾರೆ ಮಾಡ್ಯಾಳ, ಅದರ ಮ್ಯಾಲ ಅವ್ವಗೂ ಆಕೀಗೂ ಮಾತಿಲ್ಲ.

ಲ್ಯಾಬ್ ಕೋಟು, ಬಳ್ಳಾರಿ:

ಅಣ್ಣ ನಾನು ಡಾಕ್ಟ್ರಲ್ಲ, ಲ್ಯಾಬ್ ಟೆಕ್ನಿಷಿಯನ್ನು, ಹನ್ನೊಂದು ವರ್ಷದಿಂದ ಇದೇ ಕೆಲಸ. ಟೆಸ್ಟ್ ವಿಷಯ ಮಾತ್ರ ಹೇಳ್ತೀನಿ, ಆ ನೆಗೆಟಿವ್ ರಿಪೋರ್ಟ್ ಅಪ್ಪನ ಜೇಬಿಂದ ತೆಗದು ಒಲೆಗೆ ಹಾಕ್ರಿ.

ಸಿಟ್ಟಾಗಬ್ಯಾಡ್ರಿ, ಯಾಕಂತ ಹೇಳ್ತೀನಿ ಕೇಳ್ರಿ. ಪ್ಯಾಂಟೊಪ್ರಜೋಲ್ ಒಮೆಪ್ರಜೋಲ್ ರಾಬೆಪ್ರಜೋಲ್ ಇವೆಲ್ಲಾ ಒಂದೇ ಜಾತಿ, ಆಸಿಡ್ ಬರೋ ಪಂಪನ್ನೇ ಬಂದ್ ಮಾಡೋವು. ಇವನ್ನ ತಗೊಂತಿದ್ರೆ ಹೊಟ್ಟೇಲಿ ಆ ಬ್ಯಾಕ್ಟೀರಿಯಾ ಸಾಯಲ್ಲ, ಆದ್ರೆ ಸಂಖ್ಯೆ ಕಡಿಮೆ ಆಗಿ ಮೇಲಕ್ಕೆ ಸರ್ಕೊಂಡು ಕುಂತಿರ್ತವೆ, ಟೆಸ್ಟಿಗೆ ಸಿಗಲ್ಲ. ಪೊಲೀಸ್ ಜೀಪ್ ಬಂದಾಗ ಇಸ್ಪೀಟ್ ಆಡೋರು ಎದ್ದು ಹೋಗಲ್ವಾ ಹಂಗೆ, ಜೀಪ್ ಹೋದ್ಮೇಲೆ ಮತ್ತೆ ಅದೇ ಜಾಗ. ಅದಕ್ಕೇ ಸಂಡಾಸದ ಆಂಟಿಜನ್ ಟೆಸ್ಟ್ ಇರ್ಲಿ ಊದೋ ಟೆಸ್ಟ್ ಇರ್ಲಿ, ಈ ಗುಳಿಗೆ ಬಿಟ್ಟು ಕನಿಷ್ಠ 2 ವಾರ ಆಗಿರ್ಬೇಕು, ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರ ಆಗಿರ್ಬೇಕು. ನಿಮ್ಮಪ್ಪಂದು ಎರಡೂ ಆಗಿಲ್ಲ. ನಮ್ಮ ಲ್ಯಾಬಿಗೂ ದಿನಾ ಬರ್ತಾರೆ ಹಿಂಗೆ, ಕೌಂಟರಲ್ಲಿ ಕೂತಿರೋ ಹುಡುಗಿ ದುಡ್ಡು ತಗೊಂಡು ಡಬ್ಬಿ ಕೊಡ್ತಾಳೆ, ಏನ್ ಗುಳಿಗೆ ತಗೊಂತಿದೀರಿ ಅಂತ ಕೇಳೋರೇ ಇಲ್ಲ. ನಾನು ಚೀಟಿ ಬರೆದು ಗ್ಲಾಸಿಗೆ ಅಂಟಿಸಿದ್ದೆ, ಯಾರೋ ಅದರ ಮೇಲೆ ಶುಗರ್ ಟೆಸ್ಟ್ ಆಫರ್ ಅಂಟಿಸಿದ್ರು.

ಆಮೇಲೆ ಇನ್ನೊಂದು, ಯಾರಾದ್ರೂ ರಕ್ತದಲ್ಲಿ ಎಚ್ ಪೈಲೋರಿ ಐಜಿಜಿ ಮಾಡ್ಸಿ ಅಂದ್ರೆ ಬ್ಯಾಡ ಅನ್ರಿ. ಅದು ಪ್ರತಿಕಾಯ ನೋಡೋ ಟೆಸ್ಟು, ಹುಳ ಸತ್ತು ಎಷ್ಟೋ ತಿಂಗಳಾದ್ರೂ, ವರ್ಷಾದ್ರೂ ಪಾಸಿಟಿವ್ ತೋರಿಸ್ಬೋದು. ಹಳೇದೋ ಈಗಿಂದೋ ಗೊತ್ತಾಗಲ್ಲ. ಗುಣ ಆಗೈತೋ ಇಲ್ವೋ ನೋಡೋಕೆ ಅದು ಕೆಲಸಕ್ಕೆ ಬರಲ್ಲ.

ಎಂಡೋಸ್ಕೋಪಿಯಲ್ಲಿ ಮಾಡಿದ್ರಲ್ಲ ಆ ಟೆಸ್ಟ್ ನೋಡೋಕೆ ಚಂದ. ಹಳದಿ ಬಣ್ಣದ ಚೂರು ಜೆಲ್ಲೋ ಕಾಗದನೋ ಇರ್ತೈತೆ, ಅದರಲ್ಲಿ ಯೂರಿಯಾ ಹಾಕಿರ್ತಾರೆ. ಹೌದು ಗದ್ದೆಗೆ ಹಾಕ್ತೀರಲ್ಲ ಅದೇ ಯೂರಿಯಾ. ಈ ಬ್ಯಾಕ್ಟೀರಿಯಾ ಹತ್ರ ಯೂರಿಯೇಸ್ ಅಂತ ಒಂದು ಎಂಜೈಮು ವಿಪರೀತ ಐತೆ, ಯೂರಿಯಾ ಒಡೆದು ಅಮೋನಿಯಾ ಮಾಡ್ತೈತೆ. ಅಮೋನಿಯಾ ಆಸಿಡ್‌ಗೆ ಉಲ್ಟಾ, ಹಂಗಾಗಿ ತನ್ನ ಸುತ್ತ ಆಸಿಡ್ ಇಲ್ದಿರೋ ಮೋಡ ಮಾಡ್ಕೊಂಡು ಬಾಲ ತಿರುವ್ತಾ ಲೋಳೆಯೊಳಗೆ ಕೊರ್ಕೊಂಡು ಹೋಗಿ ಕೂರ್ತೈತೆ. ಹೊಟ್ಟೆಯ ಮಾಂಸದ ಚೂರು ಆ ಹಳದಿ ಮೇಲೆ ಇಟ್ಟಾಗ ಹುಳ ಇದ್ರೆ ಗುಲಾಬಿ ಬಣ್ಣಕ್ಕೆ ತಿರುಗ್ತೈತೆ. ಊದೋ ಟೆಸ್ಟ್ ಅಂದ್ರೂ ಇದೇ ಆಟ, ಗುರುತು ಹಾಕಿದ ಕಾರ್ಬನ್ ಇರೋ ಯೂರಿಯಾ ಕುಡಿಸ್ತಾರೆ, ಹುಳ ಅದನ್ನ ಒಡದ್ರೆ ಆ ಕಾರ್ಬನ್ನು ಉಸಿರಲ್ಲಿ ಬರ್ತೈತೆ. ಅದು ಎಲ್ಲಾ ಊರಲ್ಲಿ ಇರಲ್ಲ, ಸಂಡಾಸದ ಟೆಸ್ಟ್ ಸರಿಯಾದ ಟೈಮಿಗೆ ಮಾಡ್ಸಿದ್ರೆ ಅಷ್ಟೇ ಸಾಕು.

ಮಾನ್ವಿ ಮಂದಿ:

ತಮ್ಮಾ ಇಷ್ಟೆಲ್ಲಾ ತಲಿ ಕೆಡಿಸ್ಕೋಬ್ಯಾಡ. ಎಲ್ಲಾ ಗುಳಿಗಿ ಕಂಪನಿಯವ್ರ ಆಟ ಇದು. ನಮ್ಮ ಮುತ್ಯಾ 88ರ ತನಕ ದಿನಾ ಕೆಂಪು ಖಾರ ರೊಟ್ಟಿ ತಿಂದು ಬದುಕ್ಯಾನ, ಯಾವ ಪೈಲೋರಿ? ನಮ್ಮ ಕಡಿ ಎಲ್ಲಾರ ಹೊಟ್ಟ್ಯಾಗೂ ಅದು ಇರ್ತದಂತ ಡಾಕ್ಟ್ರ ಹೇಳ್ತಾರ, ಎಲ್ಲಾರ್ಗೂ ಇದ್ರ ಅದು ರೋಗ ಹೆಂಗ ಆಗ್ತದ? ಅಪ್ಪಗ ಖಾರ ಬಿಡಿಸಿ ಮಜ್ಜಿಗಿ, ಬೂದಗುಂಬಳ ರಸ ಕುಡಿಸು, ಮೂರು ತಿಂಗಳದಾಗ ಹುಣ್ಣು ಮಾಯ. ನನಗ ಆಗ್ಯಾದ, ಹೇಳ್ಲಿಕತ್ತೀನಿ.

ನೈಟ್ ಡ್ಯೂಟಿ, ಬಳ್ಳಾರಿ:

ಮೆಡಿಸಿನ್ ಪಿಜಿ ಮಾಡ್ತಿದೀನಿ, ಡ್ಯೂಟಿ ಮಧ್ಯ ಟೈಪ್ ಮಾಡ್ತಿರೋದು, ತಪ್ಪಿದ್ರೆ ಕ್ಷಮಿಸಿ.

ಮಾನ್ವಿ ಸಾರ್, ನಿಮ್ಮ ಅರ್ಧ ಮಾತು ಸರಿ. ಜಗತ್ತಲ್ಲಿ ಹತ್ತಿರ ಹತ್ತಿರ ಅರ್ಧ ಜನರ ಹೊಟ್ಟೇಲಿ ಇದು ಇದೆ, ನಮ್ಮಲ್ಲಿ ಅದಕ್ಕಿಂತ ಜಾಸ್ತಿನೇ, ಬಹಳಷ್ಟು ಜನಕ್ಕೆ ಸಾಯೋ ತನಕ ಏನೂ ಆಗಲ್ಲ. ಹುಣ್ಣಾಗೋದು ನೂರಕ್ಕೆ ಹತ್ತು ಹದಿನೈದು ಜನಕ್ಕೆ, ಕ್ಯಾನ್ಸರ್ ಅದಕ್ಕಿಂತ ತುಂಬ ಕಡಿಮೆ. ನಿಮ್ಮ ಮುತ್ಯಾ ಆ ಎಂಬತ್ತೈದರಲ್ಲಿ ಒಬ್ಬರು. ಆದ್ರೆ ಈ ಹುಡುಗನ ತಂದೆ ಆ ಹದಿನೈದರಲ್ಲಿ ಒಬ್ಬರು, ಅದೂ ರಕ್ತ ಹೋಗಿ ಹಿಮೋಗ್ಲೋಬಿನ್ 8ಕ್ಕೆ ಬಂದವ್ರು. ಅವ್ರಿಗೆ ಮಜ್ಜಿಗೆ ಕುಡಿಸಿ ಮೂರು ತಿಂಗಳು ಕಾಯಿರಿ ಅನ್ನೋದು ಸರಿ ಅಲ್ಲ ಸಾರ್. ಹಿಂಗೆ ಕಾದು ಬಂದವ್ರನ್ನ ರಾತ್ರಿ ಹನ್ನೆರಡಕ್ಕೆ ನಾವು ನೋಡ್ತೀವಿ, ಬಕೆಟ್ಟಲ್ಲಿ ರಕ್ತ ವಾಂತಿ ಮಾಡ್ಕೊಂಡು ಬಂದಿರ್ತಾರೆ.

ಖಾರದಿಂದ ಹುಣ್ಣು ಹುಟ್ಟಲ್ಲ. ಇರೋ ಹುಣ್ಣಿನ ಮೇಲೆ ಖಾರ ಬಿದ್ರೆ ಕೆಲವ್ರಿಗೆ ಉರಿತದೆ, ಉರಿದ್ರೆ ಬಿಡಿ, ಇಲ್ಲಾಂದ್ರೆ ತಿನ್ನಿ. ಮಿರ್ಚಿ ಮೇಲೆ ಕೇಸ್ ಹಾಕೋದಲ್ಲ ಇಲ್ಲಿ. ಇಲ್ಲಿ ಕಳ್ಳರು ಇಬ್ರು, ಒಂದು ಎಚ್ ಪೈಲೋರಿ, ಇನ್ನೊಂದು ಆ ಡೈಕ್ಲೋಫೆನಾಕ್. ಇಬ್ರೂ ಬೇರೆ ಬೇರೆಯಾಗೇ ಹುಣ್ಣು ಮಾಡ್ತಾರೆ, ಕೈ ಸೇರ್ಸಿದ್ರೆ ರಕ್ತ ಹೋಗೋ ಅಪಾಯ ಇನ್ನೂ ಜಾಸ್ತಿ. ಸೂಜಿ ಹೊಟ್ಟೆಗೆ ಹೋಗಲ್ವಲ್ಲ ಅಂತ ಎಲ್ರೂ ಅಂತಾರೆ, ಅದು ರಕ್ತದ ಮೂಲಕಾನೇ ಹೊಟ್ಟೆಯ ಒಳಪದರದ ರಕ್ಷಣೆ ತೆಗೀತದೆ, ಸೂಜಿಯಲ್ಲಿ ಕೊಟ್ರೂ ಅಷ್ಟೇ. ಮೊಣಕಾಲಿಗೆ ಪ್ಯಾರಾಸಿಟಮಾಲ್ ಸಾಕಾಗ್ತದಾ ನೋಡಿ, ಇಲ್ಲಾಂದ್ರೆ ಡಾಕ್ಟರ್ ಹತ್ರ ಹುಣ್ಣಿತ್ತು ಅಂತ ಹೇಳಿ ಬೇರೆ ಕೇಳಿ. ಆರ್‌ಎಂಪಿ ಬಳಿ ಮಾತ್ರ ಬೇಡ.

ಲ್ಯಾಬ್ ಕೋಟು ಅಣ್ಣ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಟೆಸ್ಟಿಗೆ ಪ್ಯಾಂಟೊಪ್ರಜೋಲ್ 2 ವಾರ ಬಿಡ್ಬೇಕು ಅನ್ನೋದು ಸರಿ, ಆದ್ರೆ ಮೊನ್ನೆ ಮೊನ್ನೆ ರಕ್ತ ಹೋದ ಹುಣ್ಣು ಇರೋ ಮನುಷ್ಯ ಇಲ್ಲಿ ಓದ್ಕೊಂಡು ತಾನೇ ಗುಳಿಗೆ ಬಿಡಬಾರ್ದು. ಹುಣ್ಣು ಮಾಯೋಕೆ ಆ ಗುಳಿಗೆ ಬೇಕು. ಯಾವಾಗ ಬಿಡ್ಬೇಕು, ಆ ಎರಡು ವಾರಕ್ಕೆ ಬದಲಿ ಫ್ಯಾಮೊಟಿಡಿನ್ ಅನ್ನೋ ಬೇರೆ ಜಾತಿ ಆಸಿಡ್ ಗುಳಿಗೆ ಏನಾದ್ರೂ ಕೊಡ್ಬೇಕಾ ಅಂತ ಎಂಡೋಸ್ಕೋಪಿ ಮಾಡಿದ ಡಾಕ್ಟ್ರೇ ಹೇಳ್ಲಿ.

ಉಳಿದ ಎಂಟು ದಿನದ ಗುಳಿಗೆ ಈಗ ತಗೋಬೇಡಿ. ಗೊಬ್ಬರ ಇವತ್ತು ಅರ್ಧ ಚೀಲ ಮುಂದಿನ ತಿಂಗಳು ಅರ್ಧ ಚೀಲ ಹಾಕಿದ್ರೆ ನಡೀಬಹುದು, ಆಂಟಿಬಯೋಟಿಕ್ ಹಂಗಲ್ಲ. ಆರು ದಿನದಲ್ಲಿ ಮೆತ್ತಗಿದ್ದವು ಸತ್ತಿರ್ತವೆ, ಗಟ್ಟಿ ಇದ್ದವು ಉಳಿದಿರ್ತವೆ, ಉಳಿದವಕ್ಕೆ ಅದೇ ಔಷಧ ಮತ್ತೆ ಕೊಟ್ರೆ ಕೇಳ್ತವೆ ಅನ್ನೋ ನಂಬಿಕೆ ಇಲ್ಲ. ಆ ಕಿಟ್‌ನಲ್ಲಿ ಕ್ಲಾರಿಥ್ರೊಮೈಸಿನ್ ಅಂತ ಇತ್ತಾ ನೋಡಿ, ಬಾಯಿ ತಾಮ್ರ ಆಗಿದ್ದು ಅದರಿಂದಲೇ ಇರ್ಬೇಕು. ಒಂದು ಸಲ ಅದು ಸೋತ್ರೆ ಎರಡನೇ ಸಲ ಅದನ್ನ ಬಿಟ್ಟು ಬೇರೆ ಜೋಡಿ ಕೊಡ್ತಾರೆ, ಸಾಮಾನ್ಯವಾಗಿ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್, ಜೊತೆಗೆ ಆಸಿಡ್ ಗುಳಿಗೆ. ನಾಲ್ಕು ಔಷಧ, 10ರಿಂದ 14 ದಿನ.

ಮಗಳ ಬಗ್ಗೆ. ಇದು ಹೆಚ್ಚಾಗಿ ಚಿಕ್ಕ ವಯಸ್ಸಲ್ಲೇ ಮನೆಯೊಳಗೇ ಅಂಟೋದು, ಬಾಯಿಂದ ಬಾಯಿಗೆ, ಸಂಡಾಸದ ಕೈಯಿಂದ ಬಾಯಿಗೆ. ನಿಮ್ಮ ತಂದೆಗೂ ಐವತ್ತು ವರ್ಷದ ಹಿಂದೆ ಹಿಂಗೇ ಬಂದಿರೋದು, ನಿನ್ನೆ ಮೊನ್ನೆ ಅಲ್ಲ. ಮಗು ಆಡ್ಕೊಂಡು ಊಟ ಮಾಡ್ಕೊಂಡು ಇದ್ರೆ ಟೆಸ್ಟ್ ಬೇಡ, ತೊಂದರೆ ಇಲ್ದಿರೋ ಮಕ್ಕಳಿಗೆ ಹುಡುಕಿ ಹುಡುಕಿ ಚಿಕಿತ್ಸೆ ಕೊಡಲ್ಲ. ತಾತನ ಪಕ್ಕ ಕೂತು ಉಣ್ಣಲಿ, ಅಗಿದ ತುತ್ತು, ಎಂಜಲು ಚಮಚ ಮಾತ್ರ ಬೇಡ. ಸಂಡಾಸಿಗೆ ಹೋಗಿ ಬಂದ್ಮೇಲೆ ಎಲ್ರೂ ಸೋಪು ಹಾಕಿ ಕೈ ತೊಳೀರಿ. ತಾಟು ಬೇರೆ ಮಾಡಿದ್ದಕ್ಕಿಂತ ಸೋಪು ಜಾಸ್ತಿ ಕೆಲಸ ಮಾಡ್ತದೆ, ಅತ್ತೆ ಸೊಸೆ ಮಾತಾಡ್ಕೋಬಹುದು.

ಕೊಪ್ಪಳದ ಅಕ್ಕ:

ಇದನ್ನ ಓದಿ ನನ್ನ ಕಥಿನ ಓದಿದಂಗಾತು. ನಾನೂ ಒಮ್ಮೆ ಸೋತು ಎರಡನೇ ಸಲ ಗೆದ್ದಾಕಿ.

ಮೊದಲನೇ ಸಲ ನಾನು ಪೂರಾ 14 ದಿನ ತಗೊಂಡಿದ್ನಿ ತಮ್ಮಾ, ಒಂದು ಗುಳಿಗಿನೂ ತಪ್ಪಿಸಿದ್ದಿಲ್ಲ, ಆದ್ರೂ ಎರಡು ತಿಂಗಳ ಮ್ಯಾಲೆ ಟೆಸ್ಟ್ ಮಾಡ್ಸಿದ್ರ ಪಾಸಿಟಿವ್. ಅತ್ತು ಬಿಟ್ನಿ. ಡಾಕ್ಟ್ರು ನಿಂದೇನು ತಪ್ಪಿಲ್ಲಮ್ಮ, ಈಗೀಗ ಆ ಔಷಧಕ್ಕ ಬಗ್ಗಲಾರದ ಹುಳ ಜಾಸ್ತಿ ಆಗ್ಯಾವು ಅಂದ್ರು. ಸಣ್ಣ ಕೆಮ್ಮು ನೆಗಡಿಗೂ ನಾವು ಮೆಡಿಕಲ್‌ನಾಗ ಆಂಟಿಬಯೋಟಿಕ್ ತಗೊಂಡು ಎರಡು ದಿನಕ್ಕ ಬಿಡ್ತೀವಲ್ಲ, ಅದರ ಫಲ.

ಎರಡನೇ ಸಲ ಈ ಮ್ಯಾಲಿನ ಡಾಕ್ಟರ್ ತಮ್ಮ ಹೇಳಿದ ನಾಲ್ಕು ಔಷಧದ್ದು. ಸುಳ್ಳು ಹೇಳಂಗಿಲ್ಲ, ಆ 14 ದಿನ ಸುಲಭ ಇರ್ಲಿಲ್ಲ. ದಿನಕ್ಕ ನಾಕು ಹೊತ್ತು ಗುಳಿಗಿ. ಏನಾರ ತಿಂದ್ರೂ ತುಕ್ಕು ಹಿಡದ ಕಬ್ಬಿಣ ನೆಕ್ಕಿದಂಗ. ಮೂರನೇ ದಿನ ಕನ್ನಡಿ ನೋಡ್ಕೊಂಡ್ರ ನಾಲಿಗಿ ಕರ್ರಗ ಆಗಿತ್ತು, ಸಂಡಾಸನೂ ಕರ್ರಗ. ಎದಿ ಝಲ್ ಅಂತು, ಮತ್ತ ರಕ್ತ ಹೊಂಟೈತಿ ಅಂತ ರಾತ್ರಿ ಹತ್ತಕ್ಕ ಡಾಕ್ಟ್ರಿಗೆ ಫೋನ್ ಮಾಡಿದ್ನಿ, ಅವ್ರು ನಕ್ಕು ಅದು ಬಿಸ್ಮತ್ ಬಣ್ಣಮ್ಮ, ಗುಳಿಗಿ ಮುಗದ್ರ ಹೋಗ್ತೈತಿ ಅಂದ್ರು. ಇದನ್ನ ಮೊದಲ ಹೇಳಿದ್ರ ನನ್ನ ಒಂದು ರಾತ್ರಿ ನಿದ್ದಿ ಉಳಿತಿತ್ತು. ನಿಮ್ಮಪ್ಪಗ ಮೊದಲ ಹೇಳಿಡ್ರಿ, ಇಲ್ಲಾಂದ್ರ ನಾಲಿಗಿ ನೋಡಿ ಮತ್ತ ಬಿಡ್ತಾರ. ಐರನ್ ಗುಳಿಗಿಯಿಂದನೂ ಹಂಗ ಕಪ್ಪಗ ಆಗ್ತೈತಿ. ಆದ್ರ ಡಾಂಬರ್ ಹಂಗ ಅಂಟಂಟು, ಕೆಟ್ಟ ನಾತ, ಮ್ಯಾಲೆ ತಲಿ ಸುತ್ತು, ಬೆವರು ಬಂತಂದ್ರ ಬಣ್ಣದ ಮಾತು ಬಿಟ್ಟು ಗಾಡಿ ಹತ್ತಬೇಕು.

ಇನ್ನೊಂದು ನನಗ ಯಾರೂ ಹೇಳಿದ್ದಿಲ್ಲ, ಮೆಡಿಕಲ್‌ನಾಗಿನ ವಯಸ್ಸಾದ ಒಬ್ಬ ಅಣ್ಣ ಹೇಳಿದ. ಟೆಟ್ರಾಸೈಕ್ಲಿನ್ ಹಾಲು ಮೊಸರಿನ ಜೊತಿ ತಗೋಬಾರ್ದು, ಹಾಲಿನ ಕ್ಯಾಲ್ಸಿಯಂ ಅದನ್ನ ಹಿಡಕೊಂಡು ಬಿಡ್ತೈತಿ, ಮೈಗೆ ಹತ್ತಂಗಿಲ್ಲ. ಐರನ್ ಗುಳಿಗಿನೂ ಅಷ್ಟ. ನಾನು ನೋಡ್ರಿ ಗುಳಿಗಿ ಕಹಿ ಅಂತ ದಿನಾ ಮಜ್ಜಿಗಿ ಜೊತಿಗೆ ನುಂಗ್ತಿದ್ನಿ! ಆಮ್ಯಾಲ ನೀರಿನ ಜೊತಿಗಷ್ಟ, ಮೊಸರನ್ನ ಎರಡು ತಾಸು ಬಿಟ್ಟು. ನಿಮ್ಮಪ್ಪಗ ಮೊಸರು ರೊಟ್ಟಿ ರೂಢಿ ಐತೆಂತೀರಿ, ಅದಕ್ಕ ಹೇಳಿದ್ನಿ.

ಮತ್ತ ಅವರಿಗೆ ಗುಂಡಿನ ಅಭ್ಯಾಸ ಇದ್ರ, ತಪ್ಪು ತಿಳ್ಕೊಬ್ಯಾಡ್ರಿ ಕೇಳಬೇಕಾಗ್ತೈತಿ, ಮೆಟ್ರೊನಿಡಜೋಲ್ ನಡದಾಗ ಒಂದು ಹನಿನೂ ಬ್ಯಾಡ, ಮುಗದ ಮ್ಯಾಲೂ ಮೂರು ದಿನ ಬ್ಯಾಡ. ನಮ್ಮ ಮೈದುನ ಹಲ್ಲು ನೋವಿಗೆ ಅದೇ ಗುಳಿಗಿ ತಗೊಂಡು ಸಂಜಿಗೆ ಕ್ವಾರ್ಟರ್ ಹಾಕಿ ಮದುವಿ ಮನ್ಯಾಗ ಎಲ್ಲಾರ ಮುಂದ ವಾಂತಿ ಮಾಡ್ಕೊಂಡಿದ್ದ.

ನಾನು ಏನ್ ಮಾಡಿದ್ನೆಂದ್ರ ಗೋಡಿ ಕ್ಯಾಲೆಂಡರ್‌ನಾಗ ಪ್ರತಿ ತಾರೀಕಿನ ಚೌಕದಾಗ ನಾಕು ಗೆರಿ ಎಳದು, ಗುಳಿಗಿ ನುಂಗಿದಂಗ ಒಂದೊಂದು ಹೊಡಿತಿದ್ನಿ. ಹಾಲಿನ ಲೆಕ್ಕಾ ಬರಿಯೋ ಕ್ಯಾಲೆಂಡರ್ ಅದು, ನಮ್ಮ ಮನಿಯವ್ರು ಗೆರಿ ನೋಡಿ ಈ ತಿಂಗಳು ದಿನಾ ನಾಕು ಲೀಟರ್ ಯಾಕಂತ ಹಾಲಿನವನ ಜೊತಿ ಜಗಳಕ್ಕ ನಿಂತಿದ್ರು.

ನಿವೃತ್ತ ಮೇಷ್ಟ್ರು, ಸಿರುಗುಪ್ಪ:

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವನು ನಾನು, ಹಂಗಾಗಿ ಬಾಯಿ ಸುಮ್ಮನಿರಲ್ಲ, ಎರಡು ಮಾತು.

ಮಾನ್ವಿಯವರ ಸಂಶಯ ಹೊಸದಲ್ಲ. ನಾನು ಓದುವಾಗ ಪುಸ್ತಕದಲ್ಲೂ ಹಂಗೇ ಇತ್ತು, ಹೊಟ್ಟೆಯ ಆಸಿಡ್‌ನಲ್ಲಿ ಯಾವ ಸೂಕ್ಷ್ಮಜೀವಿಯೂ ಬದುಕಲ್ಲ, ಹುಣ್ಣು ಬರೋದು ಚಿಂತೆಯಿಂದ, ಖಾರದಿಂದ, ಆಸಿಡ್ ಹೆಚ್ಚಾಗಿ. ನಮ್ಮ ಸೋದರಮಾವನಿಗೆ 1974ರಲ್ಲಿ ಇದೇ ಹುಣ್ಣಿಗೆ ಹೊಟ್ಟೆ ಕುಯ್ದು ಅರ್ಧ ಜಠರ ತೆಗೆದಿದ್ರು. ಸಾಯೋ ತನಕ ಒಂದು ಸಲಕ್ಕೆ ಅರ್ಧ ರೊಟ್ಟಿಗಿಂತ ಜಾಸ್ತಿ ತಿನ್ನೋಕೆ ಆಗ್ಲಿಲ್ಲ ಅವರಿಗೆ, ದಿನಕ್ಕೆ ಏಳು ಸಲ ಉಣ್ಣೋರು. ಎರಡು ವಾರದ ಗುಳಿಗೆಯಲ್ಲಿ ಹೋಗೋ ಕಾಯಿಲೆಗೆ.

ಆಸ್ಟ್ರೇಲಿಯಾದ ಪರ್ತ್ ಊರಿನ ರಾಬಿನ್ ವಾರೆನ್ ಅನ್ನೋ ಪೆಥಾಲಜಿ ಡಾಕ್ಟರು 1979ರಲ್ಲಿ ಜಠರದ ಚೂರುಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಬಾಗಿದ ಸಣ್ಣ ಬ್ಯಾಕ್ಟೀರಿಯಾ ಕಂಡ್ರು. ಎಲ್ಲರೂ ಕಂಡಿದ್ರೂ ಕಸ ಅಂತ ಬಿಟ್ಟಿದ್ದನ್ನ ಇವರು ಬಿಡಲಿಲ್ಲ. ಆಮೇಲೆ ಬ್ಯಾರಿ ಮಾರ್ಷಲ್ ಅನ್ನೋ ಹುಡುಗ ಡಾಕ್ಟರು ಜೊತೆಯಾದ್ರು. ಲ್ಯಾಬಿನಲ್ಲಿ ಬೆಳೆಸೋಕೆ ಹೋದ್ರೆ ಬೆಳೀತಾನೇ ಇರಲಿಲ್ಲ, ಎರಡು ದಿನ ನೋಡಿ ತಟ್ಟೆ ಎಸೆಯೋರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಎಸೆಯೋರು ಯಾರೂ ಇಲ್ಲದೆ ಐದು ದಿನ ಹಂಗೇ ಉಳೀತು, ಬಂದು ನೋಡಿದ್ರೆ ಬೆಳೆದು ನಿಂತಿದೆ! ಅದಕ್ಕೆ ಬೇಕಾಗಿದ್ದು ಪುರುಸೊತ್ತು ಅಷ್ಟೇ. ರಜೆಯಿಂದ ವಿಜ್ಞಾನಕ್ಕೆ ಲಾಭ ಆಗಿದ್ದು ನಾನು ಕೇಳಿದ್ದು ಅದೊಂದೇ, ನಮ್ಮ ಶಾಲೆ ಮಕ್ಕಳಿಗೆ ಈ ಪಾಠ ಭಾರಿ ಇಷ್ಟ ಆಗ್ತಿತ್ತು.

ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಒಂದು ಲೋಟ ಆ ಬ್ಯಾಕ್ಟೀರಿಯಾ ಬೆಳೆಸಿದ ಸಾರನ್ನ ತಾವೇ ಕುಡಿದ್ರು. ಕೆಲವೇ ದಿನಕ್ಕೆ ವಾಕರಿಕೆ, ವಾಂತಿ, ಬಾಯಿ ವಾಸನೆ, ಎಂಡೋಸ್ಕೋಪಿ ಮಾಡಿದ್ರೆ ಜಠರ ಊದಿ ಕೆಂಪಾಗಿದೆ, ಅದರೊಳಗೆ ಇದೇ ಜೀವಿ. ಹುಣ್ಣು ಆಗಲಿಲ್ಲ, ಜಠರದ ಉರಿಯೂತ ಆಯ್ತು, ಅದನ್ನೇ ತೋರಿಸಬೇಕಿತ್ತು ಅವರಿಗೆ. ಅವರಿಬ್ಬರಿಗೂ 2005ರಲ್ಲಿ ನೊಬೆಲ್ ಬಂತು. ವಾರೆನ್ 2024ರಲ್ಲಿ ತೀರಿಕೊಂಡ್ರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು 1994ರಲ್ಲೇ ಇದನ್ನ ಕ್ಯಾನ್ಸರ್ ತರೋ ಮೊದಲ ಗುಂಪಿಗೆ ಸೇರಿಸಿದ್ದಾರೆ, ಬೀಡಿ ಸಿಗರೇಟು ಇರೋ ಗುಂಪು. ವಿಚಿತ್ರ ಅಂದ್ರೆ ನಮ್ಮ ದೇಶದಲ್ಲಿ ಈ ಸೋಂಕು ಇಷ್ಟು ಇದ್ರೂ ಜಠರದ ಕ್ಯಾನ್ಸರ್ ಅಷ್ಟಿಲ್ಲ, ಮಿಜೋರಾಂನಂಥ ಕೆಲವು ಕಡೆ ಮಾತ್ರ ಜಾಸ್ತಿ. ಅದು ಯಾಕೆ ಅನ್ನೋ ಒಗಟು ಇನ್ನೂ ಪೂರ್ತಿ ಬಿಡಿಸಿಲ್ಲ.

ಮಾನ್ವಿ ಮಂದಿ:

ಮೇಷ್ಟ್ರೇ ಕುಡಿದ್ರು ಅಂತೀರಲ್ಲ ಆ ಡಾಕ್ಟ್ರು, ಅವರ ಹೆಂಡ್ತಿ ಸುಮ್ನ ಬಿಟ್ಟಳಾ?

ಬೂದಗುಂಬಳದ ಮಾತು ವಾಪಸ್ ತಗೊಳಂಗಿಲ್ಲ, ನನಗ ತಂಪಾಗ್ತದ. ಆದ್ರ ರಕ್ತ ಹೋದವ್ರಿಗೆ ಡಾಕ್ಟ್ರೇ ಬೇಕು, ಅಷ್ಟು ಒಪ್ಪೀನಿ. ನನಗೂ ಹೋದ ವರ್ಷದಿಂದ ದಿನಾ ಒಂದು ಓಮೆ (ಒಮೆಪ್ರಜೋಲ್ ಗುಳಿಗಿ) ಇಲ್ದ ನಡ್ಯಂಗಿಲ್ಲ, ಮೂರ್ನಾಕು ಕೆಜಿ ಇಳಿದೀನಿ, ಪ್ಯಾಂಟು ಸಡ್ಲ ಆಗ್ಯಾವ. ಇದಕ್ಕೂ ಟೆಸ್ಟ್ ಬೇಕಾ?

ನೈಟ್ ಡ್ಯೂಟಿ, ಬಳ್ಳಾರಿ:

ಬೇಕು ಸಾರ್, ಮತ್ತೆ ಇಲ್ಲಿ ಕೇಳ್ಕೊಂಡು ಕೂರಬೇಡಿ. ಪಥ್ಯ ಮಾಡ್ದೇ ತೂಕ ಇಳಿಯೋದು, ನುಂಗೋವಾಗ ಅಡ್ಡ ಹಿಡಿಯೋದು, ಪದೇ ಪದೇ ವಾಂತಿ, ರಕ್ತ ಕಡಿಮೆ, ಕಪ್ಪು ಸಂಡಾಸ, ಇವುಗಳಲ್ಲಿ ಒಂದಿದ್ರೂ ನಾವು ಸಂಡಾಸದ ಟೆಸ್ಟ್ ಅಂತ ನಿಲ್ಲಲ್ಲ, ನೇರ ಎಂಡೋಸ್ಕೋಪಿ. ಈ ವಾರಾನೇ ಹೋಗಿ. ದುಡ್ಡಿನ ಯೋಚನೆ ಇದ್ರೆ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಮಾರ್ಷಲ್ ಮೊದ್ಲೇ ಹೆಂಡ್ತಿಗೆ ಹೇಳಿರ್ಲಿಲ್ಲ ಸಾರ್. ಗೊತ್ತಾದ್ಮೇಲೆ ಬೈದು ಆಂಟಿಬಯೋಟಿಕ್ ನುಂಗಿಸಿದ್ರಂತೆ.

ಕಾಲುವಿ ಕೆಳಗಿನವ, ಸಿಂಧನೂರು:

ಎಲ್ಲಾರ್ಗೂ ಶರಣು. ತಡಾ ಆಗಿ ಬರೀಲಿಕತ್ತೀನಿ, ಕೊಯ್ಲು ಇತ್ತು.

ಇದನ್ನೆಲ್ಲಾ ಓದಿ ಅಪ್ಪನ್ನ ಮತ್ತ ರಾಯಚೂರಿಗೆ ಕರ್ಕೊಂಡು ಹೋದೆ. ಡಾಕ್ಟ್ರು ಆರು ದಿನಕ್ಕ ಬಿಟ್ಟಿದ್ದು ಕೇಳಿ ಮೊದ್ಲು ಸುಮ್ನ ಕುಂತ್ರು, ಆಮ್ಯಾಲ ನನಗ ಬೈದ್ರು, ಅಪ್ಪಗ ಒಂದು ಮಾತೂ ಅನ್ಲಿಲ್ಲ. ಕಿಟ್‌ನ್ಯಾಗ ಕ್ಲಾರಿಥ್ರೊಮೈಸಿನ್ ಇತ್ತು, ನೀವಂದಂಗ. ಈ ಸಲ ನಾಕು ಔಷಧದ್ದ ಕೊಟ್ರು, ಐರನ್ ಗುಳಿಗಿ ಈ 14 ದಿನ ನಿಲ್ಲಿಸಿ ಆಮ್ಯಾಲ ಶುರು ಮಾಡು ಅಂದ್ರು. ಹಾಲು ಮೊಸರಿನ ಮಾತು ನಾನ ಕೇಳಿದೆ, ಹೌದು ಅಂದ್ರು, ಯಾರು ಹೇಳಿದ್ರು ನಿನಗ ಅಂತ ಕೇಳಿದ್ರು. ಕೊಪ್ಪಳದ ಅಕ್ಕ ಅಂದೆ.

ಅಪ್ಪ ನಾಲ್ಕನೇ ದಿನ ಕನ್ನಡಿ ತಗೊಂಡು ನಾಲಿಗಿ ಹೊರಗ ಹಾಕಿ ಅಂಗಳದಾಗ ನಿಂತಿದ್ದ, ನನ್ನ ಮಗಳು ತಾತ ನೇರಳಿ ಹಣ್ಣು ತಿಂದು ನನಗ ಕೊಟ್ಟಿಲ್ಲ ಅಂತ ಅತ್ತಳು. ಎಂಟನೇ ದಿನ ಒಮ್ಮೆ ಬಿಡ್ತೀನಿ ಅಂದ. ಅವ್ವ ಏನೂ ಮಾತಾಡ್ಲಿಲ್ಲ, ಆ ಎಂಟು ಹಿಮೋಗ್ಲೋಬಿನ್‌ನ ಹಳೇ ರಿಪೋರ್ಟ್ ತಂದು ತಾಟಿನ ಬಾಜು ಇಟ್ಟಳು. ನುಂಗಿದ. ನಿನ್ನಿಗೆ 14 ದಿನ ಮುಗೀತು, ಒಂದು ಹೊತ್ತೂ ತಪ್ಪಿಲ್ಲ, ನಾನ ಎಣಿಸೀನಿ. ಡೈಕ್ಲೋ ಬಂದ್, ಮೊಣಕಾಲಿಗೆ ಪ್ಯಾರಾಸಿಟಮಾಲ್, ಅದು ಅಷ್ಟು ಹತ್ತಂಗಿಲ್ಲ ಅಂತಾನ, ನಾಟಿ ಬಂದಾಗ ನೋಡ್ಬೇಕು.

ಹುಣ್ಣು ಮಾಯ್ಲಿ ಅಂತ ಪ್ಯಾಂಟೊಪ್ರಜೋಲ್ ಇನ್ನೂ ನಾಕು ವಾರ ತಗೋ ಅಂದಾರ, ಆಮ್ಯಾಲ ಎರಡು ವಾರ ಬಿಟ್ಟು ಸಂಡಾಸದ ಟೆಸ್ಟ್. ನಾಕು ಮತ್ತ ಎರಡು, ಆರು ವಾರ. ತಾರೀಕು ಕ್ಯಾಲೆಂಡರಿನ್ಯಾಗ ಗುರುತು ಹಾಕೀನಿ. ಲ್ಯಾಬ್ ಕೋಟು ಅಣ್ಣಾ, ಲೆಕ್ಕ ಸರಿ ಅದ ಅಲ್ಲ?

ಲ್ಯಾಬ್ ಕೋಟು, ಬಳ್ಳಾರಿ:

ಸರಿ ಐತೆ, ಬಂಗಾರದಂಗೆ ಐತೆ. ಆ ಎರಡು ವಾರ ಮಾತ್ರ ಉಪ್ಪಿನ ಡಬ್ಬಿ ಬಾಜು ಇರೋ ಪಟ್ಟಿ ಅಮ್ಮನ ಕೈಗೆ ಕೊಟ್ಟು ಬಚ್ಚಿಡಿಸ್ರಿ, ಹಳೇ ದೋಸ್ತ ಅಂದ್ರಲ್ಲ, ಕೈ ತಾನಾಗೇ ಹೋಗ್ತೈತೆ. ಡಾಕ್ಟ್ರು ಬದಲಿಗೆ ಏನಾದ್ರೂ ಬರ್ಕೊಟ್ರೆ ಅದು ಸರಿ.

ಸ್ಯಾಂಪಲ್ ಅವತ್ತು ಮುಂಜಾನೆದೇ ತರ್ರಿ, ಲ್ಯಾಬಿನ ಡಬ್ಬೀಲೇ ತರ್ರಿ. ಮೊನ್ನೆ ಒಬ್ರು ಮಾವಿನ ಉಪ್ಪಿನಕಾಯಿ ಬಾಟಲಲ್ಲಿ ತಂದಿದ್ರು, ಲೇಬಲ್ಲೂ ಕಿತ್ತಿರ್ಲಿಲ್ಲ.